ಅಪ್ಪ ಯಾರೆಂದು ಗೊತ್ತಿಲ್ಲದ ನಾಯಿಯನ್ನು ಆರಿಸುವುದು ಹೇಗೆ?

ಮಿಶ್ರತಳಿಯ ನಾಯಿ ಸಾಕಬೇಕೆಂದು ಹೊರಟವರ ಕಿವಿಗೆ ಮೊದಲು ಬೀಳುವುದು ಎರಡು ಮಾತು. ‘ಜಾತಿನಾಯಿಯ ಹಾಗಲ್ಲ, ಇವಕ್ಕೆ ಕಾಯಿಲೆಯೇ ಬರುವುದಿಲ್ಲ’ ಎನ್ನುವುದು ಒಂದು. ‘ಅಪ್ಪ ಅಮ್ಮ ಯಾರೆಂದೇ ಗೊತ್ತಿಲ್ಲದ ನಾಯಿಯನ್ನು ನಂಬಿ ಮನೆಯೊಳಗೆ ಬಿಟ್ಟುಕೊಳ್ಳುವುದು ಹೇಗೆ’ ಎನ್ನುವುದು ಇನ್ನೊಂದು. ಹೇಳುವವರು ಎರಡನ್ನೂ ಗಟ್ಟಿ ದನಿಯಲ್ಲೇ ಹೇಳುತ್ತಾರೆ. ಮೊದಲನೆಯದರಲ್ಲಿ ಸ್ವಲ್ಪ ಸತ್ಯವಿದೆ, ಎರಡನೆಯದರಲ್ಲಿ ಇನ್ನೂ ಸ್ವಲ್ಪ ಕಡಿಮೆ. ನನ್ನ ಕೇಳಿದರೆ ಮಿಶ್ರತಳಿಯ ನಾಯಿ ಬಹುಪಾಲು ಮನೆಗಳಿಗೆ ಒಳ್ಳೆಯ ಆಯ್ಕೆಯೇ. ಆದರೆ ಆಯ್ಕೆ ಮಾಡುವಾಗ ಅದರ ವಂಶದ ಕುರಿತ ಊಹೆಗಳಿಗೆ ಕೊಡುವ ಸಮಯದ ಅರ್ಧದಷ್ಟನ್ನಾದರೂ ಕಣ್ಣೆದುರಿಗಿರುವ ನಾಯಿಯನ್ನು ನೋಡುವುದಕ್ಕೆ ಕೊಡಬೇಕು. ಯಾಕೆ ಎಂಬುದನ್ನು ತಿಳಿಯಲು ಸ್ವಲ್ಪ ವಂಶವಾಹಿಗಳ ಕಥೆಯನ್ನೂ ತಿಳಿಯಬೇಕಾಗುತ್ತದೆ.

ಅದಕ್ಕೂ ಮೊದಲು, ‘ಮಿಶ್ರತಳಿ’ ಎಂಬ ಒಂದೇ ಹೆಸರಿನಡಿ ನಾವು ಸೇರಿಸುತ್ತಿರುವ ನಾಯಿಗಳನ್ನು ಬೇರ್ಪಡಿಸಿಕೊಳ್ಳೋಣ. ಎರಡು ಗೊತ್ತಿರುವ ತಳಿಗಳನ್ನು ಬೇಕೆಂದೇ ಕೂಡಿಸಿ ಪಡೆದ ಮರಿಗಳು ಒಂದು ಬಗೆ. ಲ್ಯಾಬ್ರಡಾರ್ ಮತ್ತು ಪೂಡಲ್ ಸೇರಿದ ಲ್ಯಾಬ್ರಡೂಡಲ್, ಕಾಕರ್ ಸ್ಪ್ಯಾನಿಯಲ್ ಮತ್ತು ಪೂಡಲ್ ಸೇರಿದ ಕಾಕಪೂ ಈ ಗುಂಪಿನವು. ಹಲವು ತಲೆಮಾರುಗಳಿಂದ ಯಾರ ಯೋಜನೆಯೂ ಇಲ್ಲದೆ ಬೆರೆಯುತ್ತ ಬಂದ ನಾಯಿಗಳು ಇನ್ನೊಂದು ಬಗೆ. ಮೂರನೆಯದು, ಯಾರ ಮನೆಗೂ ಸೇರದೆ ಜನವಸತಿಯ ಅಂಚಿನಲ್ಲಿ ತಮ್ಮ ಪಾಡಿಗೆ ತಾವು ಬದುಕುವ ಊರ ನಾಯಿಗಳು. ಇವುಗಳಲ್ಲಿ ಬಹಳಷ್ಟನ್ನು ಮಿಶ್ರತಳಿ ಎನ್ನುವುದೇ ಸರಿಯಲ್ಲ. ನಾಯಿ ಮನುಷ್ಯನ ಜೊತೆ ಸೇರಿ ಕಡಿಮೆಯೆಂದರೂ 15,000 ವರ್ಷಗಳಾಗಿವೆ. ವಂಶಾವಳಿಯ ದಾಖಲೆ ಇಟ್ಟು, ಹೊರಗಿನ ರಕ್ತ ಬೆರೆಯದಂತೆ ಬೆಳೆಸಿದ ಇಂದಿನ ತಳಿಗಳಾದರೋ ಹೆಚ್ಚಿನವು ಕಳೆದ ಇನ್ನೂರು ವರ್ಷಗಳೊಳಗೆ ರೂಪುಗೊಂಡವು. ತಳಿಗಳ ವಂಶಾವಳಿಯ ದಾಖಲೆ ಇಡುವ ಸಂಸ್ಥೆಗಳಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಹುಟ್ಟಿದ್ದು 1873ರಲ್ಲಿ, ಅಮೆರಿಕದ ಕೆನಲ್ ಕ್ಲಬ್ 1884ರಲ್ಲಿ. ಜಾತಿನಾಯಿಗಳು ಬೆರೆತು ಕೆಟ್ಟು ಊರ ನಾಯಿಗಳಾದವು ಎಂದು ಅನೇಕರು ತಿಳಿದಿದ್ದಾರೆ. ನಡೆದದ್ದು ಹೆಚ್ಚುಕಡಿಮೆ ತಿರುಗುಮುರುಗು: ಊರ ನಾಯಿಗಳಂಥ ನಾಯಿಗಳಿಂದಲೇ ಒಂದೊಂದು ಗುಣ ನೋಡಿ ಆರಿಸಿ ತಳಿಗಳನ್ನು ಬೇರ್ಪಡಿಸಿದರು.

ಬೆರಕೆ ಎಂದರೆ ಸರಾಸರಿಯಲ್ಲ

ಶಾಂತ ಸ್ವಭಾವದ ತಳಿಯೊಂದನ್ನೂ ಚುರುಕು ತಳಿಯೊಂದನ್ನೂ ಕೂಡಿಸಿದರೆ ಹದವಾದ ನಾಯಿ ಸಿಗುತ್ತದೆ ಎಂದು ನಾವು ಸಹಜವಾಗಿಯೇ ಲೆಕ್ಕ ಹಾಕುತ್ತೇವೆ. ಹಾಲಿಗೆ ನೀರು ಬೆರೆಸಿದಂತೆ ಗುಣಗಳು ಬೆರೆಯುತ್ತವೆ ಎಂಬ ಎಣಿಕೆ ಅದು. ವಂಶವಾಹಿಗಳು ಹಾಗೆ ಬೆರೆಯುವುದಿಲ್ಲ. ನಾಯಿಯಲ್ಲಿ 39 ಜೋಡಿ ವರ್ಣತಂತುಗಳಿವೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ, ಒಂದು ತಂದೆಯಿಂದ ಬರುತ್ತದೆ. ತಾಯಿ ತನ್ನ ಜೋಡಿಯಲ್ಲಿ ಯಾವುದನ್ನು ಕೊಟ್ಟಳು ಎಂಬುದು ಮರಿಯಿಂದ ಮರಿಗೆ ಬದಲಾಗುತ್ತದೆ. ಕಿವಿಯ ಆಕಾರ, ಕಾಲಿನ ಉದ್ದ, ಕೂದಲು, ಬೆದರುವ ಸ್ವಭಾವ ಎಲ್ಲವೂ ಒಂದೇ ಕಂತೆಯಾಗಿ ಬರುವುದಿಲ್ಲ.

ಕೂದಲನ್ನೇ ನೋಡಿ. ನಾಯಿಯ ಕೂದಲಿನ ಅಷ್ಟೊಂದು ವೈವಿಧ್ಯಕ್ಕೆ ಬಹುಮಟ್ಟಿಗೆ ಮೂರೇ ಜೀನ್‌ಗಳು, ಅಂದರೆ ವಂಶವಾಹಿಗಳು, ಕಾರಣವೆಂದು 2009ರಲ್ಲಿ ಸಂಶೋಧಕರು ತೋರಿಸಿದರು. ಒಂದು ಕೂದಲಿನ ಉದ್ದವನ್ನು, ಇನ್ನೊಂದು ಗುಂಗುರನ್ನು, ಮತ್ತೊಂದು ಮೀಸೆ, ಗಡ್ಡ, ದಪ್ಪ ಹುಬ್ಬುಗಳನ್ನು ನಿರ್ಧರಿಸುತ್ತದೆ. ಮೀಸೆ ಗಡ್ಡದ ಜೀನ್ ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು, ಮುಖದಲ್ಲಿ ಕಾಣಿಸಿಕೊಳ್ಳುತ್ತದೆ. ಉದ್ದ ಕೂದಲು ಬರಬೇಕಾದರೆ ಇಬ್ಬರಿಂದಲೂ ಬರಬೇಕು. ಹಾಗಾಗಿ ನುಣ್ಣನೆ ಗಿಡ್ಡ ಕೂದಲಿನ ಎರಡು ನಾಯಿಗಳಿಗೆ ಜೊಂಪೆ ಕೂದಲಿನ ಮರಿ ಹುಟ್ಟಬಹುದು. ಇಬ್ಬರೂ ಆ ಗುಣವನ್ನು ಒಳಗೆ ಹೊತ್ತಿದ್ದರು, ಹೊರಗೆ ತೋರಿಸಿರಲಿಲ್ಲ, ಅಷ್ಟೇ. ಡಾಕ್ಸ್‌ಹುಂಡ್‌ನ ಗಿಡ್ಡ ಕಾಲಿನದು ಇದರ ವಿರುದ್ಧದ ಕಥೆ. ಅದಕ್ಕೆ ಜೀನ್‌ನ ಒಂದೇ ಪ್ರತಿ, ಅಂದರೆ ಒಬ್ಬರಿಂದ ಬಂದದ್ದೇ ಸಾಕು. ಡಾಕ್ಸ್‌ಹುಂಡ್ ಯಾವ ತಳಿಯೊಡನೆ ಕೂಡಿದರೂ ಮರಿಗಳು ಬೇರೊಂದು ನಾಯಿಯ ತಲೆಗೆ ಡಾಕ್ಸ್‌ಹುಂಡ್‌ನ ಕಾಲು ಜೋಡಿಸಿದಂತೆ ಕಾಣುವುದು ಈ ಕಾರಣಕ್ಕೆ.

ಬೆರಕೆಯ ಒಂದು ಸೂಲನ್ನು ಹತ್ತಿರದಿಂದ ನೋಡಿದರೆ ಇದೆಲ್ಲ ಪುಸ್ತಕವಿಲ್ಲದೆಯೇ ತಿಳಿಯುತ್ತದೆ. ತಾಯಿ ಕಂದು ಬಣ್ಣದ್ದು, ಮಧ್ಯಮ ಗಾತ್ರ, ನಿಮಿರಿದ ಕಿವಿ. ಮರಿಗಳಲ್ಲಿ ಮೂರು ಕಪ್ಪು, ಒಂದು ಕಂದು, ಒಂದರ ಎದೆ ಮತ್ತು ಪಾದಗಳು ಬಿಳಿ. ಒಂದರ ಮೂತಿಯ ಸುತ್ತ ಈಗಲೇ ಒರಟು ಕೂದಲು ಏಳುತ್ತಿದೆ. ಮುಚ್ಚಳವೊಂದು ಕೈಜಾರಿ ನೆಲಕ್ಕೆ ಬಿದ್ದು ಟಣ್ ಎಂದರೆ ಎರಡು ಮರಿಗಳು ತಾಯಿಯ ಹೊಟ್ಟೆಯಡಿಗೆ ನುಗ್ಗುತ್ತವೆ, ಒಂದು ಮುಚ್ಚಳವನ್ನೇ ಮೂಸಲು ಬರುತ್ತದೆ, ಒಂದು ಎಚ್ಚರವೇ ಆಗುವುದಿಲ್ಲ. ಇವುಗಳ ಅಪ್ಪ ಬೇರೆ ಬೇರೆ ಇರಲೂಬಹುದು. ಬೆದೆಗೆ ಬಂದ ಹೆಣ್ಣುನಾಯಿ ಕೆಲವೇ ದಿನಗಳಲ್ಲಿ ಒಂದಕ್ಕಿಂತ ಹೆಚ್ಚು ಗಂಡುಗಳೊಡನೆ ಕೂಡಿದರೆ, ಒಂದೇ ಸೂಲಿನ ಮರಿಗಳಿಗೆ ಇಬ್ಬರು ಮೂವರು ಅಪ್ಪಂದಿರಿರುವುದು ಸಾಧ್ಯ. ‘ಇದರ ಅಣ್ಣ ನಮ್ಮ ಪಕ್ಕದ ಮನೆಯಲ್ಲಿದ್ದಾನೆ, ಬಹಳ ಸಾಧು’ ಎಂಬ ಶಿಫಾರಸಿಗೆ ಎಷ್ಟು ಬೆಲೆ ಕೊಡಬೇಕೆಂದು ಇದರಿಂದ ಊಹಿಸಬಹುದು.

ಮಾರಾಟಗಾರರು ಅಪರೂಪಕ್ಕೂ ಬಾಯಿಬಿಡದ ಒಂದು ಸಂಗತಿ ಇಲ್ಲಿದೆ. ಎರಡು ಶುದ್ಧ ತಳಿಗಳ ಮೊದಲ ತಲೆಮಾರಿನ ಮರಿಗಳು ಒಂದಕ್ಕೊಂದು ತಕ್ಕಮಟ್ಟಿಗೆ ಹೋಲುತ್ತವೆ. ತಂದೆತಾಯಿಗಳ ಜೀನ್ ಜೋಡಿಗಳಲ್ಲಿ ಬಹಳಷ್ಟು ಎರಡೂ ಒಂದೇ ತೆರನಾಗಿರುವುದರಿಂದ, ಕೊಡುವುದರಲ್ಲಿ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಅಂಥ ಎರಡು ಮಿಶ್ರ ನಾಯಿಗಳನ್ನು ಮತ್ತೆ ಕೂಡಿಸಿ ಎರಡನೆಯ ತಲೆಮಾರು ಪಡೆದಾಗ ಅಡಗಿದ್ದದ್ದೆಲ್ಲ ಹೊರಬಂದು ಮರಿಗಳು ದಿಕ್ಕಿಗೊಂದರಂತೆ ಇರುತ್ತವೆ. ಮೊದಲ ತಲೆಮಾರಿನ ನಾಯಿಯ ಫೋಟೊ ತೋರಿಸಿ ಎರಡನೆಯ ತಲೆಮಾರಿನ ಮರಿ ಮಾರುವವರನ್ನು ಈ ಕುರಿತು ಒಂದು ಪ್ರಶ್ನೆ ಕೇಳಿ ನೋಡಿ. ಬರುವ ಉತ್ತರದಲ್ಲಿ ಅವರ ಪ್ರಾಮಾಣಿಕತೆಯ ಅಳತೆಯೂ ಸಿಗುತ್ತದೆ.

ಕಾಯಿಲೆಯ ಲೆಕ್ಕ

ಮಿಶ್ರತಳಿ ಗಟ್ಟಿ ಎಂಬ ನಂಬಿಕೆಗೆ ಆಧಾರ ಇಲ್ಲದಿಲ್ಲ. ಶುದ್ಧತಳಿ ಎಂದರೆ ಮುಚ್ಚಿದ ಬಳಗ. ಒಳಗೊಳಗೇ ಸಂಬಂಧ ಬೆಳೆಸುತ್ತ ಹೋದಂತೆ ಹತ್ತಿರದ ರಕ್ತ ಕೂಡುತ್ತಲೇ ಇರುತ್ತದೆ. 227 ತಳಿಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಒಳಸಂತಾನದ ಸರಾಸರಿ ಪ್ರಮಾಣ ಸುಮಾರು ಶೇ. 25ರಷ್ಟಿದೆ ಎಂದು ಕಂಡುಕೊಂಡಿತು. ಸ್ವಂತ ಅಣ್ಣ ತಂಗಿಯರ ನಡುವೆ ಹುಟ್ಟಿದ ಸಂತಾನದಲ್ಲಿ ನಿರೀಕ್ಷಿಸುವ ಮಟ್ಟ ಅದು. ಇಂಥ ಕಡೆ, ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆ ತರುವ ದೋಷಗಳು ಜೋಡಿಯಾಗುವ ಸಂಭವ ಹೆಚ್ಚು. ಬೇರೆ ಬಳಗದ ನಾಯಿಯೊಡನೆ ಕೂಡಿದಾಗ ಆ ದೋಷದ ಒಂದು ಪ್ರತಿ ಬಂದರೂ ಎದುರಿನ ಸರಿಯಾದ ಪ್ರತಿ ಕೆಲಸ ನಡೆಸುತ್ತದೆ. 2018ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನಾಯಿಗಳ ಡಿಎನ್ಎ ನೋಡಿದ ಸಂಶೋಧಕರಿಗೆ ಇದೇ ಚಿತ್ರ ಸಿಕ್ಕಿತು. ಇಂಥ ಸಾಮಾನ್ಯ ಕಾಯಿಲೆಗಳಿಗೆ ತುತ್ತಾಗುವ ಸಾಧ್ಯತೆ ಮಿಶ್ರತಳಿಗಿಂತ ಶುದ್ಧತಳಿಯ ನಾಯಿಗಳಲ್ಲಿ 2.7 ಪಟ್ಟು ಹೆಚ್ಚಿತ್ತು. ಆದರೆ ದೋಷವನ್ನು ಒಳಗೆ ಹೊತ್ತು ತಿರುಗುವ ನಾಯಿಗಳು ಮಿಶ್ರತಳಿಯಲ್ಲೇ ಹೆಚ್ಚಿದ್ದವು. ದೋಷ ಮಾಯವಾಗಿರಲಿಲ್ಲ, ಜೋಡಿ ಸಿಗದೆ ಸುಮ್ಮನಿತ್ತು.

ಬೆರಕೆಯಿಂದ ತಳಿಯೇ ಉಳಿದ ಉದಾಹರಣೆಯೂ ಇದೆ. ಡಾಲ್ಮೇಶನ್ ನಾಯಿಗಳಲ್ಲಿ ಯೂರಿಕ್ ಆಮ್ಲದ ಜೀನ್ ಪೂರ್ತಿಯಾಗಿ ಕೆಟ್ಟು, ಶುದ್ಧ ವಂಶಾವಳಿಯ ಒಂದು ನಾಯಿಯಲ್ಲೂ ಸರಿಯಾದ ಪ್ರತಿ ಉಳಿದಿರಲಿಲ್ಲ. ಮೂತ್ರಕೋಶದಲ್ಲಿ ಕಲ್ಲಾಗುವುದು ಅವುಗಳ ಸಾಮಾನ್ಯ ತೊಂದರೆಯಾಗಿತ್ತು. 1973ರಲ್ಲಿ ರಾಬರ್ಟ್ ಶೈಬಲ್ ಎಂಬ ತಳಿವಿಜ್ಞಾನಿ ಡಾಲ್ಮೇಶನ್ ಒಂದನ್ನು ಪಾಯಿಂಟರ್ ತಳಿಯ ಒಂದು ನಾಯಿಯೊಡನೆ ಕೂಡಿಸಿದರು. ನಂತರದ ಪ್ರತಿ ತಲೆಮಾರನ್ನೂ ಡಾಲ್ಮೇಶನ್‌ಗೇ ಮರಳಿ ಕೂಡಿಸುತ್ತ, ಸರಿಯಾದ ಜೀನನ್ನು ಮಾತ್ರ ಉಳಿಸಿಕೊಂಡು ಬಂದರು. ಆ ಸಂತತಿಯನ್ನು ಅಮೆರಿಕದ ಕೆನಲ್ ಕ್ಲಬ್ ಡಾಲ್ಮೇಶನ್ ಎಂದು ಒಪ್ಪಿಕೊಂಡದ್ದು 2011ರಲ್ಲಿ. ಒಂದು ಹನಿ ಹೊರಗಿನ ರಕ್ತವನ್ನು ಅರಗಿಸಿಕೊಳ್ಳಲು ಶುದ್ಧತೆಯ ಕಾವಲುಗಾರರಿಗೆ 38 ವರ್ಷ ಹಿಡಿಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಮಿಶ್ರತಳಿ ಗೆದ್ದಂತೆ ಕಾಣುತ್ತದೆ. ಕಥೆ ಮುಂದೆ ಗೊಂದಲವಾಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 1995ರಿಂದ 2010ರ ವರೆಗಿನ 27,254 ರೋಗಿ ನಾಯಿಗಳ ದಾಖಲೆ ಹಿಡಿದು 24 ಆನುವಂಶಿಕ ಕಾಯಿಲೆಗಳನ್ನು ಹೋಲಿಸಿದರು. ಹತ್ತು ಕಾಯಿಲೆಗಳು ಶುದ್ಧತಳಿಯಲ್ಲಿ ಹೆಚ್ಚಿದ್ದವು. ಮೊಣಕಾಲಿನ ಅಸ್ಥಿರಜ್ಜು ಹರಿಯುವ ತೊಂದರೆಯೊಂದು ಮಿಶ್ರತಳಿಯಲ್ಲೇ ಹೆಚ್ಚಿತ್ತು. ಉಳಿದ 13ರಲ್ಲಿ ಎರಡಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಆ ಹದಿಮೂರರಲ್ಲಿ ಸೊಂಟದ ಕೀಲಿನ ತೊಂದರೆಯೂ ಕೆಲವು ಬಗೆಯ ಕ್ಯಾನ್ಸರ್‌ಗಳೂ ಸೇರಿವೆ. ತಳಿಗಳು ಬೇರ್ಪಡುವುದಕ್ಕೂ ಮುಂಚಿನಿಂದ ನಾಯಿಗಳಲ್ಲಿ ಹರಡಿಕೊಂಡಿರುವ ದೋಷಗಳಿಗೆ ಬೆರಕೆ ಮದ್ದಲ್ಲ ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು.

ಆಯಸ್ಸಿನ ವಿಷಯದಲ್ಲಂತೂ ಅಂಕಿಅಂಶಗಳೇ ಜಗಳಕ್ಕೆ ನಿಂತಿವೆ. ಬ್ರಿಟನ್ನಿನ 2013ರ ಅಧ್ಯಯನದಲ್ಲಿ ಮಿಶ್ರತಳಿಯ ನಾಯಿಗಳು ಶುದ್ಧತಳಿಗಿಂತ 1.2 ವರ್ಷ ಹೆಚ್ಚು ಬದುಕಿದ್ದವು. ಅದೇ ದೇಶದ ಐದು ಲಕ್ಷ ಎಂಬತ್ತು ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿಯಿಂದ 2024ರಲ್ಲಿ ಬಂದ ಅಧ್ಯಯನದಲ್ಲಿ ಶುದ್ಧತಳಿಯ ಮಧ್ಯಕ ಆಯಸ್ಸು 12.7 ವರ್ಷ, ಮಿಶ್ರತಳಿಯದು 12. ಇಲ್ಲಿ ಶುದ್ಧವೋ ಮಿಶ್ರವೋ ಎಂಬುದಕ್ಕಿಂತ ಗಾತ್ರ ಮತ್ತು ಮೂತಿಯ ಆಕಾರ ಹೆಚ್ಚು ಮಾತಾಡಿದವು. ಉದ್ದ ಮೂತಿಯ ಪುಟ್ಟ ನಾಯಿಗಳು ಹೆಚ್ಚು ಕಾಲ ಬದುಕಿದ್ದವು, ಚಪ್ಪಟೆ ಮೂತಿಯ ಮಧ್ಯಮ ಗಾತ್ರದ ನಾಯಿಗಳು ಕಡಿಮೆ. ಸಾಮಾನ್ಯವಾಗಿಯೂ ನಾಯಿ ದೊಡ್ಡದಾದಷ್ಟು ಆಯಸ್ಸು ಕಿರಿದು.

‘ಬೀದಿಯಲ್ಲಿರುವ ನಾಯಿಗಳನ್ನು ನೋಡಿ, ಯಾವ ಡಾಕ್ಟರೂ ಇಲ್ಲದೆ ಎಷ್ಟು ಗಟ್ಟಿಯಾಗಿವೆ’ ಎಂಬ ವಾದದಲ್ಲಿ ಒಂದು ತೂತಿದೆ. ನಮಗೆ ಕಾಣುವವು ಬದುಕಿ ಉಳಿದವು. ಪಶ್ಚಿಮ ಬಂಗಾಳದ ಬೀದಿನಾಯಿಗಳ ಮರಿಗಳನ್ನು ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರಾಯಕ್ಕೆ ಬರುವವರೆಗೆ ಬದುಕಿದ್ದು ಶೇ. 19ರಷ್ಟು ಮರಿಗಳು ಮಾತ್ರ. ಗಟ್ಟಿಯಾಗಿ ಕಾಣುವ ಪ್ರತಿ ಬೀದಿನಾಯಿಯ ಹಿಂದೆ ನಾವು ನೋಡದೇ ಹೋದ ನಾಲ್ಕು ಮರಿಗಳಿವೆ. ಸಾಕಿದ ನಾಯಿಗೆ ಲಸಿಕೆ, ಜಂತಿನ ಔಷಧಿ, ವರ್ಷಕ್ಕೊಮ್ಮೆಯ ತಪಾಸಣೆ ಬೇಕೇ ಬೇಕು. ಅದರ ವಂಶ ಯಾವುದಾದರೂ ರೇಬೀಸ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು ಹೇಳಿ ಈ ವಿಷಯ ಮುಗಿಸುತ್ತೇನೆ. ಎರಡು ತಳಿ ಬೇರೆ ಬೇರೆಯಾದ ಮಾತ್ರಕ್ಕೆ ಅವುಗಳ ದೋಷಗಳೂ ಬೇರೆ ಬೇರೆ ಎಂದಾಗುವುದಿಲ್ಲ. ನಿಧಾನವಾಗಿ ಕುರುಡು ತರುವ ಅಕ್ಷಿಪಟಲದ ಕಾಯಿಲೆಯೊಂದರ ಅದೇ ದೋಷ ಲ್ಯಾಬ್ರಡಾರ್, ಪೂಡಲ್, ಕಾಕರ್ ಸ್ಪ್ಯಾನಿಯಲ್ ಮೂರರಲ್ಲೂ ಇದೆ. ಈ ಮೂರರಲ್ಲಿ ಯಾವ ಎರಡನ್ನು ಕೂಡಿಸಿದರೂ ಆ ದೋಷ ಜೋಡಿಯಾಗಲು ಅಡ್ಡಿಯಿಲ್ಲ. ಹಾಗಾಗಿ ಉದ್ದೇಶಪೂರ್ವಕವಾಗಿ ಕೂಡಿಸಿದ ಮರಿ ಕೊಳ್ಳುವವರು, ಶುದ್ಧತಳಿ ಕೊಳ್ಳುವಾಗ ಕೇಳುವಂತೆಯೇ, ತಂದೆತಾಯಿ ಎರಡರ ಕಣ್ಣು, ಸೊಂಟ, ಹೃದಯದ ಪರೀಕ್ಷೆಯ ಕಾಗದ ಕೇಳಬೇಕು. ಡಾಕ್ಸ್‌ಹುಂಡ್‌ನ ರಕ್ತವಿರುವ ಗಿಡ್ಡ ಕಾಲು ಉದ್ದ ಬೆನ್ನಿನ ನಾಯಿಗೆ ಬೆನ್ನುಮೂಳೆಯ ಬಿಲ್ಲೆ ಜಾರುವ ಅಪಾಯವೂ ಬಂದಿರಬಹುದು. ಅದು ಸೋಫಾದಿಂದ ಹಾರದಂತೆ, ಬೊಜ್ಜು ಬೆಳೆಯದಂತೆ ನೋಡಿಕೊಳ್ಳಬೇಕಾಗುತ್ತದೆ.

ಹೆಸರಿಟ್ಟು ಮಾರುವ ಬೆರಕೆ

ಲ್ಯಾಬ್ರಡೂಡಲ್‌ನ ಹುಟ್ಟಿನ ಕಥೆ ಕೇಳುವಂಥದ್ದು. ಹವಾಯಿಯಲ್ಲಿದ್ದ ದೃಷ್ಟಿಹೀನ ಮಹಿಳೆಯೊಬ್ಬರಿಗೆ ದಾರಿ ತೋರಿಸುವ ನಾಯಿ ಬೇಕಿತ್ತು, ಅವರ ಗಂಡನಿಗೆ ನಾಯಿಯ ಅಲರ್ಜಿ. ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿ ತಳಿಯ ಹೊಣೆ ಹೊತ್ತಿದ್ದ ವಾಲಿ ಕಾನ್ರನ್ 1989ರಲ್ಲಿ ಲ್ಯಾಬ್ರಡಾರನ್ನು ಪೂಡಲ್‌ನೊಡನೆ ಕೂಡಿಸಿ ಮೂರು ಮರಿ ಪಡೆದರು. ಮರಿಗಳ ಕೂದಲು ಮತ್ತು ಜೊಲ್ಲಿನ ಮಾದರಿಗಳನ್ನು ಕಳಿಸಿ ನೋಡಿದಾಗ ಆ ಗಂಡನಿಗೆ ಒಗ್ಗಿದ್ದು ಒಂದೇ ಮರಿ. ಉದ್ದೇಶಪೂರ್ವಕವಾಗಿ ಮಾಡಿದ ಮೊದಲ ಪ್ರಯತ್ನದಲ್ಲೇ ಮೂರಕ್ಕೆ ಒಂದು ಎಂಬ ಫಲಿತಾಂಶವನ್ನು ಜಗತ್ತು ಮರೆತು ‘ಅಲರ್ಜಿ ಬರಿಸದ ನಾಯಿ’ ಎಂಬ ಜಾಹೀರಾತನ್ನು ಮಾತ್ರ ನೆನಪಿಟ್ಟುಕೊಂಡಿತು. ಹಣದಾಸೆಗೆ ಕಂಡಕಂಡ ಹಾಗೆ ಬೆರಕೆ ಮಾಡುವವರಿಗೆ ದಾರಿ ಮಾಡಿಕೊಟ್ಟೆನಲ್ಲ ಎಂದು ಕಾನ್ರನ್ ಮುಂದೆ ಬಹಿರಂಗವಾಗಿಯೇ ಹಳಹಳಿಸಿದರು.

ಅಲರ್ಜಿಗೆ ಕಾರಣ ಕೂದಲಲ್ಲ. ಜೊಲ್ಲಿನಲ್ಲೂ ಚರ್ಮದಿಂದ ಉದುರುವ ಹೊಟ್ಟಿನಲ್ಲೂ ಇರುವ ಪ್ರೋಟೀನುಗಳು. ಕೂದಲು ಕಡಿಮೆ ಉದುರುವ ನಾಯಿಯೂ ನೆಕ್ಕುತ್ತದೆ, ಅದರ ಚರ್ಮವೂ ಉದುರುತ್ತದೆ. ಅಲರ್ಜಿ ಬರಿಸುವುದಿಲ್ಲವೆಂದು ಹೆಸರಾದ ನಾಯಿಗಳಿರುವ ಮನೆಗಳ ದೂಳನ್ನು ಪರೀಕ್ಷಿಸಿದ 2011ರ ಅಧ್ಯಯನಕ್ಕೆ ಬೇರೆ ನಾಯಿಗಳ ಮನೆಗಿಂತ ಅಲ್ಲಿ ಅಲರ್ಜಿಕಾರಕ ಕಡಿಮೆಯಿದೆ ಎನ್ನಲು ಆಧಾರ ಸಿಗಲಿಲ್ಲ. ಮನೆಯಲ್ಲಿ ಅಲರ್ಜಿಯವರಿದ್ದರೆ ಮಾಡಬೇಕಾದದ್ದು ಒಂದೇ: ಅವರನ್ನು ಕರೆದೊಯ್ದು ಅದೇ ನಾಯಿಯ ಜೊತೆ ಮುಚ್ಚಿದ ಕೋಣೆಯಲ್ಲಿ ಹಲವು ಸಲ ಹೊತ್ತು ಕಳೆಯಲು ಬಿಡುವುದು. ಗುಂಗುರು ಕೂದಲಿನ ಬೆರಕೆಗೆ ಇನ್ನೊಂದು ಕೆಲಸವೂ ಅಂಟಿಕೊಂಡಿರುತ್ತದೆ. ಉದುರದ ಕೂದಲು ಗಂಟುಕಟ್ಟುತ್ತದೆ. ದಿನ ಬಿಟ್ಟು ದಿನ ಬುಡದವರೆಗೆ ಬಾಚದಿದ್ದರೆ ಕಿವಿಯ ಹಿಂದೆ, ಕಂಕುಳಲ್ಲಿ ಜಡೆಗಟ್ಟಿ ಚರ್ಮ ಎಳೆಯುತ್ತದೆ. ಕಾಕಪೂ, ಲ್ಯಾಬ್ರಡೂಡಲ್, ಕ್ಯಾವಪೂ (ಕ್ಯಾವಲಿಯರ್ ಸ್ಪ್ಯಾನಿಯಲ್ ಮತ್ತು ಪೂಡಲ್ ಸೇರಿದ್ದು) ಇವುಗಳನ್ನು ಅವುಗಳ ಮೂಲ ತಳಿಗಳೊಡನೆ ಹೋಲಿಸಿ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 2024ರಲ್ಲಿ ವರದಿ ಕೊಟ್ಟರು. ಶೇ. 86.6ರಷ್ಟು ಹೋಲಿಕೆಗಳಲ್ಲಿ ಆರೋಗ್ಯದ ಗಣನೀಯ ವ್ಯತ್ಯಾಸವೇ ಇರಲಿಲ್ಲ. ಈ ನಾಯಿಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಹೆಚ್ಚುವರಿ ಹಣ ಕೊಟ್ಟರೆ ಆ ಹಣ ಹೋಗುವುದು ಹೆಸರಿಗೆ ಎಂಬುದಷ್ಟು ಗೊತ್ತಿರಲಿ.

ಮುಖ ನೋಡಿ ತಳಿ ಹೇಳುವ ಆಟ

ಆಶ್ರಯಧಾಮದ ಚೀಟಿಯಲ್ಲಿ ‘ಲ್ಯಾಬ್ರಡಾರ್ ಮಿಶ್ರ’, ‘ಶೆಫರ್ಡ್ ಮಿಶ್ರ’ ಎಂದು ಬರೆದಿರುತ್ತಾರೆ. ಹೆಚ್ಚಿನ ಸಲ ಅದು ಬಣ್ಣ, ಕಿವಿ ನೋಡಿ ಮಾಡಿದ ಊಹೆ. ಆಶ್ರಯಧಾಮದವರ ಊಹೆಯನ್ನು ಡಿಎನ್ಎ ಪರೀಕ್ಷೆಯೊಡನೆ ಇಟ್ಟು ನೋಡಿದ ಅಧ್ಯಯನಗಳಲ್ಲಿ ಅನುಭವಿಗಳೂ ಮತ್ತೆ ಮತ್ತೆ ಎಡವಿದ್ದಾರೆ. ಕಪ್ಪು ಬಣ್ಣಕ್ಕೆ ಒಂದೇ ಪ್ರತಿ ಸಾಕಾಗುವುದರಿಂದ ಬೆರಕೆಯಲ್ಲಿ ಕಪ್ಪು ಮರಿಗಳು ಸಾಮಾನ್ಯ. ಗಿಡ್ಡ ಕೂದಲಿನ ಕಪ್ಪು ನಾಯಿ ಕಂಡೊಡನೆ ಲ್ಯಾಬ್ರಡಾರ್ ಎನ್ನುವುದಕ್ಕೆ ಲ್ಯಾಬ್ರಡಾರ್‌ನ ಒಂದು ಹನಿ ರಕ್ತವೂ ಬೇಕಾಗಿಲ್ಲ.

ಒಂದು ವೇಳೆ ಊಹೆ ಸರಿಯೇ ಆಗಿತ್ತೆನ್ನಿ. ಆಗಲೂ ಸ್ವಭಾವದ ಬಗ್ಗೆ ಅದು ಹೇಳುವುದು ಅಲ್ಪ. 18,000ಕ್ಕೂ ಹೆಚ್ಚು ನಾಯಿಗಳ ಮಾಲೀಕರನ್ನು ಪ್ರಶ್ನಿಸಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್ಎ ಓದಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಯಿ ನಾಯಿಗಳ ನಡುವಿನ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ. 9 ಮಾತ್ರ. ಹೇಳಿದ ಮಾತು ಕೇಳುವ ಗುಣದಂಥ ಕೆಲವದರಲ್ಲಿ ತಳಿಯ ಪಾಲು ಹೆಚ್ಚಿತ್ತು. ಎಷ್ಟು ಬೇಗ ಕೆರಳುತ್ತದೆ ಎಂಬುದರಲ್ಲಿ ತಳಿಯಿಂದ ಏನನ್ನೂ ಹೇಳಲಾಗದಷ್ಟು ಕಡಿಮೆಯಿತ್ತು. ಆದರೂ ತಳಿಯನ್ನು ಪೂರ್ತಿ ಮರೆಯಿರಿ ಎನ್ನಲಾರೆ. ಕುರಿ ಕಾಯುವ ನಾಯಿಗಳ ರಕ್ತ ಖಚಿತವಾಗಿ ಇದೆ ಎಂದಾದರೆ ಓಡುವ ಮಕ್ಕಳನ್ನೂ ಸೈಕಲ್‌ಗಳನ್ನೂ ಅಟ್ಟುವ ಚಪಲ ಇರಬಹುದೆಂದು ಎಚ್ಚರದಿಂದ ಇರುವುದು ಬುದ್ಧಿವಂತಿಕೆ. ಇನ್ನು ಕೆಲವು ದೇಶಗಳಲ್ಲಿ, ಬಾಡಿಗೆ ಮನೆಗಳಲ್ಲಿ ಕೆಲವು ಬಗೆಯ ನಾಯಿಗಳಿಗೆ ನಿಷೇಧವಿದೆ. ಬ್ರಿಟನ್ನಿನ 1991ರ ಕಾನೂನಿನಂತೆ ಅದನ್ನು ನಿರ್ಧರಿಸುವುದು ವಂಶಾವಳಿಯಿಂದಲ್ಲ, ಮೈಕಟ್ಟಿನಿಂದ. ಅಂಥ ಕಡೆ ನಿಮ್ಮ ನಾಯಿ ಹೇಗೆ ಕಾಣುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ನಾಯಿಯನ್ನು ನೋಡುವುದು

ಗೂಡಿನ ಸರಳುಗಳ ಹಿಂದಿನಿಂದ ನೋಡಿದ ನಾಯಿ ಅರ್ಧ ನಾಯಿ. ಗದ್ದಲ, ಅಪರಿಚಿತರು, ಪಕ್ಕದ ಗೂಡಿನ ಬೊಗಳಾಟದ ನಡುವೆ ಸಾಧು ನಾಯಿಯೂ ಸರಳಿಗೆ ಎಗರುತ್ತದೆ, ಆಟಗುಳಿಯೂ ಮೂಲೆ ಸೇರುತ್ತದೆ. ಹೊರಗೆ ಕರೆತರಲು ಕೇಳಿ. ಅದರ ಎದುರು ನೇರ ನಿಲ್ಲಬೇಡಿ, ಮೇಲೆ ಬಾಗಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಪಕ್ಕಕ್ಕೆ ತಿರುಗಿ ಕುಕ್ಕುರುಗಾಲಿನಲ್ಲಿ ಕುಳಿತು ಸುಮ್ಮನಿರಿ. ಮೈ ಸಡಿಲ ಬಿಟ್ಟು, ಸ್ವಲ್ಪ ವಕ್ರವಾಗಿ ಬಳಸಿಕೊಂಡು ಬಂದು, ಬಾಯಿ ತೆರೆದು ಕೈ ಮೂಸುವ ನಾಯಿ ಸಮಾಧಾನದಲ್ಲಿದೆ. ಬಾಲ ಆಡುತ್ತಿದೆ ಎಂಬುದೊಂದನ್ನೇ ನಂಬಬೇಡಿ. ಸೊಂಟ ಸಮೇತ ಅಗಲಕ್ಕೆ ತೂಗುವ ಬಾಲಕ್ಕೂ, ಮೈ ಬಿಗಿದು ನಿಂತು ತುದಿಯಷ್ಟನ್ನೇ ಮೇಲೆತ್ತಿ ಪಟಪಟ ಆಡಿಸುವ ಬಾಲಕ್ಕೂ ಬಹಳ ವ್ಯತ್ಯಾಸವಿದೆ. ಮುಟ್ಟಿದಾಗ ಕಲ್ಲಾಗಿ ನಿಂತು, ತಲೆ ಆಚೆ ತಿರುಗಿಸಿ, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವ ನಾಯಿ ‘ಸಾಕು’ ಎನ್ನುತ್ತಿದೆ. ಆಗ ಕೈ ತೆಗೆಯಬೇಕು. ಗುರ್ರೆನ್ನುವವರೆಗೆ ಕಾಯಬಾರದು.

ನಾನು ಹೆಚ್ಚು ಬೆಲೆ ಕೊಡುವುದು ಬೆದರಿದ ಮೇಲೆ ಅದು ಸುಧಾರಿಸಿಕೊಳ್ಳುವ ಬಗೆಗೆ. ನಾಲ್ಕು ಹೆಜ್ಜೆ ದೂರದಲ್ಲಿ ಬೀಗದ ಕೈಗೊಂಚಲನ್ನು ನೆಲಕ್ಕೆ ಬೀಳಿಸಿ ನೋಡಿ. ಬೆಚ್ಚುವುದು ತಪ್ಪಲ್ಲ, ಯಾರಾದರೂ ಬೆಚ್ಚುತ್ತಾರೆ. ಕ್ಷಣದಲ್ಲಿ ತಿರುಗಿ ಬಂದು ಗೊಂಚಲನ್ನು ಮೂಸಿದರೆ ಮಕ್ಕಳು, ಮಿಕ್ಸಿ, ಅತಿಥಿಗಳಿರುವ ಮನೆಗೆ ಅದು ಹೊಂದಿಕೊಳ್ಳುವ ಸಂಭವ ಹೆಚ್ಚು. ಹತ್ತು ನಿಮಿಷವಾದರೂ ಬಾಲ ಮುದುರಿ ಗೋಡೆಗೆ ಅಂಟಿಕೊಂಡಿದ್ದರೆ ಅದಕ್ಕೆ ಗದ್ದಲವಿಲ್ಲದ ಮನೆ, ತಾಳ್ಮೆಯ ಯಜಮಾನ ಬೇಕು. ಅದನ್ನು ತರಬೇಡಿ ಎನ್ನುತ್ತಿಲ್ಲ, ನಿಮ್ಮ ಮನೆ ಅಂಥದ್ದೇ ಎಂದು ಕೇಳಿಕೊಳ್ಳಿ. ತಿನ್ನುವ ತಟ್ಟೆಗೆ ಕೈ ಹಾಕಿ ಪರೀಕ್ಷಿಸುವ ಸಾಹಸ ಮಾತ್ರ ಬೇಡ. ಅದರ ಬದಲು, ದಿನವೂ ಊಟ ಹಾಕುವ ಸಿಬ್ಬಂದಿಯನ್ನು ಕೇಳಿದರೆ ಹೆಚ್ಚು ತಿಳಿಯುತ್ತದೆ. ಆಗಲೇ ಸಾಕಿರುವ ನಾಯಿಯಿದ್ದರೆ ಎರಡನ್ನೂ ಎರಡಕ್ಕೂ ಹೊಸದಾದ ಜಾಗದಲ್ಲಿ, ಒಟ್ಟಿಗೆ ನಡೆಸುತ್ತ ಪರಿಚಯ ಮಾಡಿಸಿ.

ಮರಿಯೋ, ಬೆಳೆದ ನಾಯಿಯೋ? ವಂಶ ಗೊತ್ತಿಲ್ಲದಿದ್ದಾಗ ನನ್ನ ಒಲವು ಬೆಳೆದ ನಾಯಿಯ ಕಡೆಗೆ. ಎರಡು ವರ್ಷದ ನಾಯಿ ತನ್ನ ಗಾತ್ರ, ಕೂದಲು, ಸ್ವಭಾವ ಮೂರನ್ನೂ ಮುಂದಿಟ್ಟು ನಿಂತಿರುತ್ತದೆ. ಮರಿ ಬರೀ ಭರವಸೆ. ಏಳೆಂಟು ವಾರದ ಮರಿಯನ್ನು ಬೆನ್ನ ಮೇಲೆ ಮಲಗಿಸಿ, ಬೆರಳ ಸಂದು ಹಿಸುಕಿ ಸ್ವಭಾವ ಹೇಳುವ ಪರೀಕ್ಷೆಗಳು ದೊಡ್ಡದಾದ ಮೇಲಿನ ನಡತೆಯನ್ನು ಅಷ್ಟೇನೂ ಚೆನ್ನಾಗಿ ಮುನ್ಸೂಚಿಸುವುದಿಲ್ಲ. ಮರಿಯನ್ನೇ ತರುವುದಾದರೆ ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬೇರ್ಪಡಿಸಬೇಡಿ, ಸಾಧ್ಯವಾದರೆ ತಾಯಿ ಮನುಷ್ಯರೊಡನೆ ಹೇಗಿದೆ ನೋಡಿ. ಮೂರರಿಂದ ಹದಿನಾಲ್ಕು ವಾರಗಳ ನಡುವೆ ನೋಡಿದ, ಕೇಳಿದ, ಮುಟ್ಟಿದ ಸಂಗತಿಗಳು ಅದಕ್ಕೆ ಜೀವಮಾನವಿಡೀ ಸಹಜವಾಗುತ್ತವೆ. ಈ ಅವಧಿಯನ್ನು ಮನುಷ್ಯರ ಮುಖವನ್ನೇ ನೋಡದೆ ಕಳೆದ ಮರಿಯನ್ನು ಪಳಗಿಸುವುದು ದೀರ್ಘ ಕೆಲಸ.

ಗಾತ್ರದ ಪ್ರಶ್ನೆಗೆ ಪಾದ ನೋಡಿ ಉತ್ತರ ಹೇಳುವವರು ಎಲ್ಲ ಕಡೆ ಇದ್ದಾರೆ. ಪಾದಕ್ಕಿಂತ ತೂಕ ವಾಸಿ. ಮಧ್ಯಮ ಗಾತ್ರದ ನಾಯಿಗಳು ನಾಲ್ಕು ತಿಂಗಳಿಗೆ ಬೆಳೆದಾಗಿನ ತೂಕದ ಅರ್ಧದ ಆಸುಪಾಸು ಇರುತ್ತವೆ. ಆಗ 9 ಕೆಜಿ ತೂಗುವ ಮರಿ 18 ಕೆಜಿಯ ಸುತ್ತಮುತ್ತ ನಿಲ್ಲಬಹುದು. ಪುಟ್ಟ ನಾಯಿಗಳು ವರ್ಷದೊಳಗೆ ಬೆಳೆದು ಮುಗಿಸುತ್ತವೆ, ದೊಡ್ಡವು ಒಂದೂವರೆ ಎರಡು ವರ್ಷದವರೆಗೂ ಬೆಳೆಯುತ್ತವೆ.

ಮನೆಗೆ ತಂದ ಮೇಲೆ ಡಿಎನ್ಎ ಪರೀಕ್ಷೆ ಮಾಡಿಸಬೇಕೇ ಎಂದು ಅನೇಕರು ಕೇಳುತ್ತಾರೆ. ಕೆನ್ನೆಯ ಒಳಭಾಗವನ್ನು ಕಡ್ಡಿಯಿಂದ ಸವರಿ ಕಳಿಸಿದರೆ ತಳಿಗಳ ಶೇಕಡಾವಾರು ಪಟ್ಟಿ ಬರುತ್ತದೆ. ಪ್ರಯೋಗಾಲಯದ ಸಂಗ್ರಹದಲ್ಲಿರುವ ತಳಿಗಳೊಡನೆ ಮಾತ್ರ ಅದು ಹೋಲಿಸಬಲ್ಲದು. ಊರ ನಾಯಿಯ ಮಾದರಿ ಕಳಿಸಿ, ಸಂಗ್ರಹದಲ್ಲಿ ಅಂಥ ನಾಯಿಗಳೇ ಇಲ್ಲದಿದ್ದರೆ, ಹತ್ತಿರ ಹೋಲುವ ಹತ್ತು ತಳಿಗಳ ಹೆಸರು ಸೇರಿಸಿದ ವಿಚಿತ್ರ ಪಟ್ಟಿ ಬರಬಹುದು. ತಳಿಯ ಪಟ್ಟಿಗಿಂತ ಕಾಯಿಲೆಯ ಜೀನ್‌ಗಳ ಭಾಗ ಉಪಯುಕ್ತ. ಕೋಲಿ ಎಂಬ ಕುರಿ ಕಾಯುವ ತಳಿ ಮತ್ತು ಅದರ ಬಳಗದ ಹಲವು ನಾಯಿಗಳಲ್ಲಿ ಔಷಧಿ ಮಿದುಳಿಗೆ ಹೋಗದಂತೆ ತಡೆಯುವ ಜೀನ್ ಒಂದು ಕೆಟ್ಟಿರುತ್ತದೆ. 2001ರಲ್ಲಿ ಗುರುತಿಸಿದ ಈ ದೋಷವಿರುವ ನಾಯಿಗೆ ಹುಳು ನಿವಾರಣೆಯ ಐವರ್ಮೆಕ್ಟಿನ್ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೂ, ಮನುಷ್ಯರ ಭೇದಿಯ ಮಾತ್ರೆ ಲೋಪರಮೈಡ್ ಕೊಟ್ಟರೂ ಜೀವಕ್ಕೆ ಅಪಾಯ. ಬೆರಕೆ ನಾಯಿಗಳಲ್ಲೂ ಇದು ಸಿಗುತ್ತದೆ, ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ. ಕುರಿನಾಯಿಯ ಛಾಯೆ ಕಂಡರೆ ಮೊದಲ ಭೇಟಿಯಲ್ಲೇ ಪಶುವೈದ್ಯರಿಗೆ ಹೇಳಿಬಿಡಿ.

ಅದೇ ಭೇಟಿಯಲ್ಲಿ ಸಂತಾನಹರಣ ಚಿಕಿತ್ಸೆಯ ಸಮಯವನ್ನೂ ಮಾತಾಡಿಕೊಳ್ಳಿ. ಮಿಶ್ರತಳಿಗಳ ಮೇಲೆಯೇ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಳೆದಾಗ 20 ಕೆಜಿ ಮೀರುವ ನಾಯಿಗಳಿಗೆ ವರ್ಷ ತುಂಬುವ ಮೊದಲೇ ಶಸ್ತ್ರಚಿಕಿತ್ಸೆ ಮಾಡಿಸಿದಾಗ ಕೀಲಿನ ತೊಂದರೆಗಳು ಹೆಚ್ಚು ಕಂಡಿದ್ದವು. ಚಿಕ್ಕ ನಾಯಿಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನಾಲ್ಕು ತಿಂಗಳ ಮರಿಯ ತೂಕವನ್ನು ಒಂದು ಕಡೆ ಬರೆದಿಟ್ಟುಕೊಂಡರೆ ಪಶುವೈದ್ಯರಿಗೆ ಆ ನಿರ್ಧಾರ ಸುಲಭವಾಗುತ್ತದೆ.